ಕಲಿಯುವವರ ಹಿಂದೆ ಯಾರಿದ್ದಾರೆ?



ಸಂಕಿರಣದ ಆಶಯ ಭಾಷಣದ ಕೆಲಸ ಗೋಷ್ಠಿಗಳ ಮುಂದೆ ಒಂದು ಪ್ರಶ್ನೆ ಇಡುವುದು. ನನ್ನ ಪ್ರಶ್ನೆ ಇಷ್ಟೇ: ತಾಲ್ಲೂಕು ಮಟ್ಟದ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಆಪ್ತಸಮಾಲೋಚನೆ ಕಲಿಯಲು ಬಂದ ಇಂಟರ್ನ್ ನೊಂದವರೊಬ್ಬರ ಎದುರು ಕೂತಾಗ, ಆ ಇಂಟರ್ನ್ ಹಿಂದೆ ಯಾರಿದ್ದಾರೆ?

ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಾಚೆ ತಂದ ಪ್ರಯೋಗಗಳಲ್ಲಿ ನಮ್ಮ ನಾಡಿನದು ಮುಖ್ಯ ಪಾಲು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು ಬಳ್ಳಾರಿಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಶುರುವಾದಾಗ ಬಳ್ಳಾರಿಯೇ ಅದಕ್ಕೆ ಮಾದರಿಯಾಯಿತು.

ಬಳ್ಳಾರಿಯ ಪಾಠದಲ್ಲಿ ಎರಡು ಭಾಗ. ಒಂದು, ತಜ್ಞರು ಸಾಕಷ್ಟು ಬರಲಿ ಎಂದು ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಗತ್ಯದಷ್ಟು ಕಲಿಸಿ ಕೆಲಸಕ್ಕೆ ಇಳಿಸುವುದು. ಇನ್ನೊಂದು, ಹಾಗೆ ಇಳಿಸಿದವರ ಕೆಲಸವನ್ನು ಜಿಲ್ಲಾ ತಂಡ ಬಿಡದೆ ಪರಿಶೀಲಿಸಿ ತಿದ್ದುವುದು. ಮೊದಲ ಭಾಗವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಎರಡನೆಯದನ್ನು ಮರೆತಿದ್ದೇವೆ. ಇಂಟರ್ನ್‌ಗಳ ವಿಷಯದಲ್ಲಂತೂ ಪೂರಾ ಮರೆತಿದ್ದೇವೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ಕ್ಕಿಂತ ಕೆಳಗಿಳಿಯಲಿಲ್ಲ. ಇಷ್ಟು ದೊಡ್ಡ ಕೊರತೆಯ ನಡುವೆ ಇಂಟರ್ನ್ ಬಂದರೆ ಕ್ಲಿನಿಕ್ಕಿಗೆ ಎರಡು ಆಸೆ ಹುಟ್ಟುತ್ತವೆ. ರಿಜಿಸ್ಟರ್ ಬರೆಯಲು, ಚೀಟಿ ಹಂಚಲು ಕೂರಿಸುವುದು ಒಂದು. ಮೊದಲ ವಾರದಲ್ಲೇ ಮೂಲೆಯ ಕೋಣೆ ಕೊಟ್ಟು, 'ಇವರ ಜತೆ ಸ್ವಲ್ಪ ಮಾತಾಡಿ' ಎಂದು ಕಳಿಸುವುದು ಇನ್ನೊಂದು. ಮೊದಲನೆಯದರಿಂದ ಇಂಟರ್ನ್ ಏನೂ ಕಲಿಯುವುದಿಲ್ಲ. ಎರಡನೆಯದರಲ್ಲಿ ಕಲಿಕೆಯ ಬೆಲೆಯನ್ನು ಬಂದ ರೋಗಿ ತೆರುತ್ತಾರೆ.

ಹಾಗಾದರೆ ಕ್ರಮ ಯಾವುದು? ಮೊದಲು ಅನುಭವಿಗಳ ಪಕ್ಕದಲ್ಲಿ ಕೂತು ನೋಡುವುದು. ಆಮೇಲೆ ಸಂದರ್ಶನದ ಒಂದು ಭಾಗವನ್ನಷ್ಟೇ ನಡೆಸುವುದು. ಅದಾದ ಮೇಲೆ ಸೌಮ್ಯ ಸಮಸ್ಯೆಯವರೊಂದಿಗೆ ಸ್ವತಂತ್ರವಾಗಿ ಕೂರುವುದು. ಆಗಲೂ ಮೇಲ್ವಿಚಾರಕರು ಕೂಗಳತೆಯಲ್ಲಿರಬೇಕು. ಪ್ರತಿ ಭೇಟಿಯ ಟಿಪ್ಪಣಿಯನ್ನು ವಾರಕ್ಕೊಮ್ಮೆ ಇಬ್ಬರೂ ಕೂತು ಓದಬೇಕು. ಬಂದವರು ಒಪ್ಪಿದರೆ ಧ್ವನಿಮುದ್ರಣ ಇನ್ನೂ ಒಳ್ಳೆಯದು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ಒಂದು ಸಮಾಲೋಚನೆಯ ಎಲ್ಲ ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಣದಿಂದ ಇಳಿಸಿ, ಇದ್ದುದಿದ್ದ ಹಾಗೆ ಅಚ್ಚು ಹಾಕಿದರು. ಸಮಾಲೋಚಕ ಎಲ್ಲಿ ಅವಸರಪಟ್ಟ, ಎಲ್ಲಿ ಉಪದೇಶಕ್ಕಿಳಿದ ಎಂಬುದನ್ನು ಅಲ್ಲಿಂದಾಚೆಗೆ ಯಾರು ಬೇಕಾದರೂ ನೋಡಬಹುದಾಯಿತು. ನೆರೆಯ ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ವೃತ್ತಿಪರರಲ್ಲದ ಸ್ಥಳೀಯರಿಗೆ ಖಿನ್ನತೆಯ ಸಮಾಲೋಚನೆ ಕಲಿಸಿದಾಗಲೂ, ಆ ಸಮಾಲೋಚಕರು ಗುಂಪಾಗಿ ಕೂತು ಪರಸ್ಪರರ ಧ್ವನಿಮುದ್ರಣ ಕೇಳಿ ಅಂಕ ಕೊಡುತ್ತಿದ್ದರು. ತಜ್ಞರು ವಾರವಿಡೀ ಸಿಗದ ನಮ್ಮ ತಾಲ್ಲೂಕುಗಳಿಗೆ ಈ ವಿಧಾನ ಸರಿಹೊಂದುತ್ತದೆ.

ಇನ್ನು ನಮ್ಮ ನೆಲದ ಮಾತು. ಪಠ್ಯಪುಸ್ತಕದಲ್ಲಿ ಸಮಾಲೋಚನೆ ಎಂದರೆ ಇಬ್ಬರು, ಎರಡು ಕುರ್ಚಿ, ಮುಚ್ಚಿದ ಬಾಗಿಲು. ಇಲ್ಲಿ ಸೊಸೆಯ ಜತೆ ಅತ್ತೆ ಬರುತ್ತಾಳೆ, ಮಗನ ಜತೆ ಅಪ್ಪ, ಸೋದರಮಾವ ಇಬ್ಬರೂ ಬರುತ್ತಾರೆ. ಅವರನ್ನು ಒರಟಾಗಿ ಹೊರಗೆ ಕಳಿಸಿದರೆ ಮುಂದಿನ ಭೇಟಿಯೇ ಇರುವುದಿಲ್ಲ. ಒಳಗೇ ಇರಿಸಿಕೊಂಡರೆ ಸೊಸೆ ಬಾಯಿ ಬಿಡುವುದಿಲ್ಲ. ಮನೆಯವರ ಮಾತನ್ನು ಮೊದಲು ಗೌರವದಿಂದ ಕೇಳಿ, ಆಮೇಲೆ 'ಯವ್ವಾ, ಒಂದೀಟು ಹೊರಗ ಕುಂಡ್ರತೀರೇನ್ರಿ' ಎನ್ನುವ ಹದವನ್ನು ಕಲಿಸಬೇಕು. ದುಃಖ ಹೇಳುವ ರೀತಿಯೂ ಬೇರೆ. 'ತಲಿ ಗಿಮ್ ಅಂತೈತ್ರಿ', 'ನಿದ್ದಿ ಹತ್ತವಲ್ದು', 'ಕೈಕಾಲಾಗ ಜೀವಾನ ಇಲ್ರಿ' ಎಂದು ಮೈಮೇಲಿನ ನೋವಿನಿಂದಲೇ ಮಾತು ಶುರುವಾಗುತ್ತದೆ. ಅಲ್ಲಿಂದ ಮನಸ್ಸಿನತ್ತ ನಿಧಾನವಾಗಿ ನಡೆಯಬೇಕು. ದೇಹದ ಕಾಯಿಲೆ ಇದೆಯೇ ಎಂದು ವೈದ್ಯರಿಂದ ತಪಾಸಣೆಯನ್ನೂ ಮಾಡಿಸಬೇಕು. ದೇವರಗುಡ್ಡದ ಮಾಲತೇಶನಿಗೆ ಹರಕೆ ಹೊತ್ತು ಬಂದವರನ್ನು ಹಂಗಿಸುವ ಇಂಟರ್ನ್, ಅವರ ನಂಬಿಕೆಯನ್ನು ನೋಯಿಸಿ ಅವರ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳುವುದನ್ನು. ಮಳೆಯನ್ನು ನಂಬಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ, ಸಾಲ ತಂದು ಬಿತ್ತುವ ಜಿಲ್ಲೆ ನಮ್ಮ ಹಾವೇರಿ. ಬೆಳೆಗೆ ಹೊಡೆಯುವ ಎಣ್ಣೆ ಮನೆಯೊಳಗೇ ಇರುತ್ತದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂಬ ಭಯ ಹೊಸಬರಿಗೆ ಸಹಜ. ಆ ಭಯಕ್ಕೆ ಆಧಾರವಿಲ್ಲ. ಕೇಳಿದರೆ ಎದುರಿನವರ ಎದೆ ಹಗುರಾಗುವುದೇ ಹೆಚ್ಚು. ಅಪಾಯ ಕಂಡರೆ ಮೇಲ್ವಿಚಾರಕರಿಗೆ ಅಂದೇ ತಿಳಿಸಬೇಕು. ಎಣ್ಣೆಯ ಡಬ್ಬಿಯನ್ನು ಮನೆಯಿಂದ ದೂರವಿಟ್ಟು ಬೀಗ ಹಾಕುವಂತೆ ಮನೆಯವರಿಗೆ ಹೇಳಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡಬೇಕು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಶಿಕ್ಷೆಯಿಂದ ರಕ್ಷಣೆ ಕೊಟ್ಟಿದೆ. ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಬಾರದ ಕುಟುಂಬಕ್ಕೆ ಇದನ್ನು ಬಿಡಿಸಿ ಹೇಳಲು ಇಂಟರ್ನ್‌ಗೆ ಬರಬೇಕು.

ಅದೇ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಬೆಂಗಳೂರಿನಲ್ಲಿ ಅದನ್ನು ಕಾಪಾಡುವುದು ಸುಲಭ. ಇಲ್ಲಿ ಇಂಟರ್ನ್ ಮತ್ತು ರೋಗಿ ಒಂದೇ ಬಸ್ಸಿನಲ್ಲಿ ಊರಿಗೆ ಮರಳುತ್ತಾರೆ, ಒಂದೇ ಜಾತ್ರೆಯಲ್ಲಿ ಎದುರಾಗುತ್ತಾರೆ. ಹೆಣ್ಣು ನೋಡಲು ಬಂದವರು ಇಂಟರ್ನ್‌ನನ್ನೇ ವಿಚಾರಿಸಬಹುದು. ಪರಿಚಿತರು ಬಂದರೆ ಅವರನ್ನು ಬೇರೆಯವರಿಗೆ ಒಪ್ಪಿಸುವ ನಿಯಮ ಲಿಖಿತವಾಗಿಯೇ ಇರಲಿ.

ಕಾಗಿನೆಲೆಯಲ್ಲಿ ನಿಂತು ಜಾತಿಯ ಮಾತೆತ್ತದೆ ಹೋಗಲಾರೆ. ಬಾಡದಲ್ಲಿ ಹುಟ್ಟಿದ ಕನಕದಾಸರು ಕರ್ಮಭೂಮಿಯಾಗಿಸಿಕೊಂಡ ನೆಲ ಇದು. 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿ ಮತ್ತು ರಾಗಿಯ ಜಗಳದ ಮೂಲಕ ಮೇಲುಕೀಳಿನ ಲೆಕ್ಕವನ್ನೇ ತಲೆಕೆಳಗು ಮಾಡಿದವರು ಅವರು. ನಮ್ಮ ಕ್ಲಿನಿಕ್ಕುಗಳಲ್ಲಿ 'ನೀವು ಯಾವ ಮಂದಿರಿ?' ಎಂಬ ಪ್ರಶ್ನೆ ಮೇಜಿನ ಎರಡೂ ಬದಿಯಿಂದ ಬರುತ್ತದೆ. ಉತ್ತರ ಸಿಕ್ಕ ಮೇಲೆ ಇಂಟರ್ನ್‌ನ ದನಿ ಬದಲಾಯಿತೇ, ಭೇಟಿಯ ಸಮಯ ಕಡಿಮೆಯಾಯಿತೇ? ಕುಡಿದು ಹೊಡೆಯುವ ಗಂಡನ ಬಗ್ಗೆ ಹೆಂಡತಿ ಹೇಳಿದಾಗ 'ಹೊಂದಿಕೊಂಡು ಹೋಗವ್ವಾ' ಎಂಬ ಮಾತು ತಾನಾಗಿ ಬಂತೇ? ಇದನ್ನು ತನ್ನಷ್ಟಕ್ಕೆ ತಾನೇ ಕಾಣುವುದು ಕಷ್ಟ. ಪಕ್ಕದಲ್ಲಿ ಕೂತು ಕೇಳಿದವರೇ ತೋರಿಸಿಕೊಡಬೇಕು.

ಕಲಿಸುವ ಸಾಮಗ್ರಿ ಕನ್ನಡದಲ್ಲಿ ಇಲ್ಲವೆನ್ನುವುದು ನೆಪ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರೊಬ್ಬರೇ ಮನಸ್ಸಿನ ಆರೋಗ್ಯದ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ನೂರಾರು ಪುಸ್ತಕ ಬರೆದಿದ್ದಾರೆ, ಸ್ವಯಂಸೇವಕರನ್ನು ಆಪ್ತಸಮಾಲೋಚನೆಗೆ ಅಣಿಗೊಳಿಸಿದ್ದಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ. ಕೊರತೆಯಿರುವುದು ಮೇಲ್ವಿಚಾರಣೆಗೆಂದು ಮೀಸಲಿಟ್ಟ ಸಮಯದಲ್ಲಿ.

ಆದ್ದರಿಂದ ಈ ಸಂಕಿರಣ ಮೂರು ನಿರ್ಣಯಗಳೊಂದಿಗೆ ಮುಗಿಯಲಿ ಎಂಬುದು ನನ್ನ ಕೋರಿಕೆ. ಪ್ರತಿ ಇಂಟರ್ನ್‌ಗೆ ವಾರಕ್ಕೆ ಕನಿಷ್ಠ ಒಂದು ಗಂಟೆಯ ಮೇಲ್ವಿಚಾರಣೆಯನ್ನು ಕ್ಲಿನಿಕ್ಕು ವೇಳಾಪಟ್ಟಿಯಲ್ಲೇ ಸೇರಿಸಲಿ. ಇಂಟರ್ನ್ ಏನು ಮಾಡಬಹುದು, ಯಾವುದನ್ನು ತಜ್ಞರಿಗೆ ಒಪ್ಪಿಸಬೇಕು ಎಂಬ ಪಟ್ಟಿ ಕನ್ನಡದಲ್ಲಿ ಸಿದ್ಧವಾಗಲಿ. ಕಾಲೇಜುಗಳು ಹಾಜರಾತಿಗೆ ಕೊಡುವ ಅಂಕವನ್ನು ತಗ್ಗಿಸಿ, ತಿದ್ದಿಸಿಕೊಂಡ ಕೆಲಸಕ್ಕೆ ಕೊಡಲಿ. ಮೇಲ್ವಿಚಾರಣೆ ಕೊಡಲಾಗದ ಕ್ಲಿನಿಕ್ಕು ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದೇ ಬೇಡ. ಈ ಮಾತು ಕಠಿಣ ಅನ್ನಿಸಿದರೆ ಗೋಷ್ಠಿಗಳಲ್ಲಿ ಚರ್ಚಿಸಿ, ಆದರೆ ತೀರ್ಮಾನಿಸದೆ ಏಳಬೇಡಿ.