ಮನಸ್ಸಿನ ಮಾತನ್ನು ಆಲಿಸುವ ಶಾಸ್ತ್ರ



ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನೂ ಸ್ಥಾಪಿಸಿದರು. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದವರು; ಬುದ್ಧಿಶಕ್ತಿಯನ್ನು ಅಳೆದು ಅಂಕಿಗಳಲ್ಲಿ ಹೇಳುವುದು ಆ ಗುರುವಿನ ಮಾರ್ಗ. ಮನಸ್ಸನ್ನು ಅರಿಯಲು ಇನ್ನೊಂದು ಮಾರ್ಗವೂ ಉಂಟು. ಜನರು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿಯೇ ಹೇಳುವಂತೆ ಮಾಡಿ, ಆ ಮಾತಿನ ಅರ್ಥವನ್ನು ವಿವೇಚಿಸುವುದು. ಇದಕ್ಕೆ ಗುಣಾತ್ಮಕ ಸಂಶೋಧನೆಯೆಂದು ಹೆಸರು.

ಬೆಂಗಳೂರಿನ ದಕ್ಷಿಣದಲ್ಲಿ, ಕನಕಪುರದ ರಸ್ತೆಯ ಮಗ್ಗುಲಿಗೆ ಜರಗನಹಳ್ಳಿಯೆಂಬ ಬಡಾವಣೆಯಿದೆ. ಹಿಂದೆ ಅದು ನಿಜವಾಗಿಯೂ ಹಳ್ಳಿ. ನಗರವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಯ ನೂರು ಮಂದಿಯನ್ನು “ನಿಮಗೆ ನೆಮ್ಮದಿಯುಂಟೆ?” ಎಂದು ಕೇಳಿದೆವೆಂದು ಭಾವಿಸೋಣ. ಅರುವತ್ತು ಮಂದಿ ಉಂಟೆಂದರೆ ನಮಗೊಂದು ಅಂಕಿ ದೊರೆಯಿತು. ಆದರೆ ಹೊಲವನ್ನು ಕಳೆದುಕೊಂಡ ಹಿರಿಯರ ನೆಮ್ಮದಿಯೂ, ತಿಂಗಳ ಬಾಡಿಗೆಯನ್ನು ಹೊಂದಿಸಿ ನಿಟ್ಟುಸಿರು ಬಿಡುವ ಹೊಸಬರ ನೆಮ್ಮದಿಯೂ ಒಂದೆಯೆ? ಎಷ್ಟು ಮಂದಿ ಎಂಬುದನ್ನು ಅಂಕಿ ಹೇಳಬಲ್ಲುದು; ಯಾವ ಬಗೆಯ ನೆಮ್ಮದಿ ಎಂಬುದನ್ನು ಅವರೇ ಹೇಳಬೇಕು.

ಕಥೆ ಕೇಳುವುದೂ ಒಂದು ಶಾಸ್ತ್ರವೇ ಎಂದು ಕೆಲವರು ಆಕ್ಷೇಪಿಸಬಹುದು. ಕಟ್ಟುಪಾಡು ಇದ್ದರೆ ಅದು ಶಾಸ್ತ್ರವೇ ಸರಿ. ಮೊದಲು ಹೇಳುವವರ ಒಪ್ಪಿಗೆಯನ್ನು ಪಡೆಯಬೇಕು. ಉತ್ತರವನ್ನು ಸೂಚಿಸುವ ಪ್ರಶ್ನೆಯನ್ನು ಕೇಳಕೂಡದು. ಅವರಾಡಿದ ಮಾತನ್ನು ತಿದ್ದದೆ ಬರೆದುಕೊಂಡು, ಮತ್ತೆ ಮತ್ತೆ ಓದಿ, ಅಲ್ಲಿ ಮರುಕಳಿಸುವ ಭಾವಗಳನ್ನು ಗುರುತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಊಹೆಗೆ ವಿರುದ್ಧವಾದ ಮಾತನ್ನೇ ಹುಡುಕಬೇಕು.

ಈ ಮಾರ್ಗದ ಪ್ರಯೋಜನಕ್ಕೆ ನಿದರ್ಶನವು ಬೆಂಗಳೂರಿನಲ್ಲಿಯೇ ಇದೆ. ನಿಮ್ಹಾನ್ಸ್ ಸಂಸ್ಥೆಯ ರಘುರಾಮ್, ಚನ್ನಬಸವಣ್ಣ ಮೊದಲಾದ ವೈದ್ಯರು ವಿದೇಶೀಯ ಸಹೋದ್ಯೋಗಿಗಳೊಡನೆ ಬೆಂಗಳೂರಿನ ಎಂಬತ್ತು ಮಂದಿ ರೋಗಿಗಳನ್ನು ಸಂದರ್ಶಿಸಿ, 1996ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಭಯವೂ ಹೆಚ್ಚು. ಮೈಕೈ ನೋವಿನಂಥ ದೇಹದ ಲಕ್ಷಣಗಳು ಹೆಚ್ಚಿದಂತೆ ಆ ಭಯ ಕಡಮೆ. ಇಷ್ಟನ್ನು ಅಂಕಿಗಳು ತೋರಿಸಿದವು. ಏಕೆ ಹೀಗೆಂಬುದು ತಿಳಿದದ್ದು ರೋಗಿಗಳ ಸ್ವಂತ ಮಾತಿನಿಂದ. ಮೈನೋವು ಎಲ್ಲರಿಗೂ ಒಂದಲ್ಲ ಒಂದು ದಿನ ಬರುವಂಥದು, ಅದನ್ನು ಹೇಳಿಕೊಂಡರೆ ಮಾನಕ್ಕೆ ಕುಂದಿಲ್ಲ. ಮನಸ್ಸಿನ ನೋವನ್ನು ಹೇಳಿಕೊಂಡರೆ ಸಮಾಜದಲ್ಲಿ ತಮಗೆ ಹಾನಿಯೆಂದು ಅವರು ಎಣಿಸಿದ್ದರು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ನಮ್ಮ ಮನೆಯ ಹೆಣ್ಣುಮಗಳೊಬ್ಬಳು ದಿನವೂ ತಲೆನೋವೆಂದರೆ ಮಾತ್ರೆಯೊಂದನ್ನು ಕೊಟ್ಟು ಸುಮ್ಮನಾಗುತ್ತೇವೆ. ಎಲ್ಲ ತಲೆನೋವೂ ಮನೋವ್ಯಥೆಯಲ್ಲ, ನಿಜ. ಆದರೆ ಬಾಯಿಬಿಟ್ಟು ಹೇಳಲಾಗದ ಸಂಕಟವೊಂದು ಆ ಹೆಸರಿನಲ್ಲಿ ಹೊರಬರುತ್ತಿರಲೂಬಹುದು. ಆಕೆಯ ಮಾತಿಗೆ ನಾವು ನಮ್ಮ ಮಾತನ್ನು ಸೇರಿಸಿದೆವೋ ಆ ಸಂಕಟವು ಮತ್ತೆ ಒಳಗೆ ಸರಿಯುತ್ತದೆ.

ಅಂಕಿಯನ್ನು ತಿರಸ್ಕರಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ರೋಗವು ಎಷ್ಟು ಹರಡಿದೆಯೆಂದು ತಿಳಿಯಲು ಎಣಿಕೆ ಬೇಕೇ ಬೇಕು. ಎಣಿಸುವ ಮುನ್ನ ಏನನ್ನು ಎಣಿಸುತ್ತಿದ್ದೇವೆಂಬುದು ತಿಳಿದಿರಬೇಕು. ಅದನ್ನು ತಿಳಿಸಬಲ್ಲವನು ಅನುಭವಿಸಿದವನೊಬ್ಬನೇ. ಅವನ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆಯೇ ಈ ಶಾಸ್ತ್ರದ ಮೊದಲ ಪಾಠ.