ಸತ್ತ ಮಂಗ ಸಿಕ್ಕರೆ ಯಾರಿಗೆ ಹೇಳ್ತೀರಿ?

ಸಾಮಾನ್ಯವಾಗಿ ನಾನಿಲ್ಲಿ ದುಡ್ಡು, ಸಾಲ, ಸಣ್ಣ ವ್ಯಾಪಾರ ಅಂತ ಮಾತಾಡೋನು. ಇವತ್ತು ಒಂದು ಕಾಯಿಲೆ ಬಗ್ಗೆ ಮಾತಾಡ್ತೀನಿ. ನಾನು ಡಾಕ್ಟರಲ್ಲ, ಓದಿದ್ದು ಬಿ.ಕಾಂ. ಆದ್ರೆ ಈ ಕಂತು ಮುಗಿಯೋ ಹೊತ್ತಿಗೆ, ಇದರಲ್ಲೂ ಒಂದು ಲೆಕ್ಕದ ಪ್ರಶ್ನೆ ಇದೆ ಅಂತ ನಿಮಗೂ ಅನ್ನಿಸುತ್ತೆ.

ಹಿಂದಿನ ವರ್ಷ ಜನವರಿಯಲ್ಲಿ ಸಾಗರದ ಹತ್ತಿರ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಅಡಿಕೆ ಕೊಯ್ಲಿನ ಸಮಯ. ಬೆಳಗ್ಗೆ ತೋಟದ ಮೇಲ್ಗಡೆ ಸೊಪ್ಪಿನಬೆಟ್ಟದ ಕಡೆ ಸುಮ್ಮನೆ ನಡೀತಾ ಹೋದೆ. ಒಂದು ಮರದ ಬುಡದಲ್ಲಿ ಮಂಗ ಸತ್ತು ಬಿದ್ದಿತ್ತು. ಮೈಮೇಲೆ ಗಾಯ ಇರಲಿಲ್ಲ, ಮಲಗಿದ ಹಾಗೇ ಕಾಣ್ತಿತ್ತು. ನಾನು ಮೊಬೈಲ್ ತೆಗೆದು, ಫೋಟೋಗೆ ಅಂತ ಹತ್ತಿರ ಹೋದೆ.

ಹಿಂದಿನಿಂದ ಮಾವ ಕೂಗಿದ್ರು: "ಅಪ್ಪಿ, ನಿಲ್ಲು ಅಲ್ಲೇ! ಒಂದು ಹೆಜ್ಜೆ ಮುಂದೆ ಇಡಬೇಡ ಮಾರಾಯ!"

ಹಾವು ಇರಬೇಕು ಅಂದ್ಕೊಂಡೆ. ಹಾವಲ್ಲ. ಮಾವ ನನ್ನ ಕೈ ಹಿಡಿದು ಮನೆಗೆ ಎಳ್ಕೊಂಡು ಬಂದ್ರು. ಹಾಕಿದ್ದ ಬಟ್ಟೆ ಎಲ್ಲ ಬಿಸಿನೀರಿಗೆ ಹಾಕಿಸಿದ್ರು. ಸ್ನಾನ ಮಾಡಿಸಿ, ಕಿವಿ ಹಿಂದೆ, ಸೊಂಟದ ಹತ್ತಿರ ಉಣುಗು ಕಚ್ಚಿದೆಯಾ ಅಂತ ಚಿಕ್ಕ ಮಕ್ಕಳನ್ನ ನೋಡೋ ಹಾಗೆ ನೋಡಿದ್ರು. ನನಗೆ ನಗು ಬಂತು. ಅವರು ನಗಲಿಲ್ಲ. ಒಳಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆಯೂ ನಗಲಿಲ್ಲ.

ಯಾಕೆ ಅಂದ್ರೆ, 2019ರಲ್ಲಿ ಅತ್ತೆಗೆ ಮಂಗನ ಕಾಯಿಲೆ ಬಂದಿತ್ತು. ಆ ಸೀಸನ್‌ನಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಜನ ಸತ್ತಿದ್ದನ್ನ ನೀವೂ ಪೇಪರಲ್ಲಿ ಓದಿರ್ತೀರಿ. ಅತ್ತೆ ಮೊದಲು ಹೋದ ಕ್ಲಿನಿಕ್‌ನಲ್ಲಿ "ಸಾದಾ ವೈರಲ್ ಜ್ವರ" ಅಂತ ಮಾತ್ರೆ ಕೊಟ್ಟು ಕಳಿಸಿದ್ರಂತೆ. ನಾಲ್ಕನೇ ದಿನಕ್ಕೆ ತಲೆ ಎತ್ತೋಕೆ ಆಗಲಿಲ್ಲ, ಒಸಡಲ್ಲಿ ರಕ್ತ. ಬದುಕಿದ್ರು. ಆದ್ರೆ ಮೊದಲಿನ ಹಾಗೆ ಕೊಟ್ಟಿಗೆ ಕೆಲಸ ಮಾಡೋಕೆ ತಿಂಗಳುಗಟ್ಟಲೆ ಬೇಕಾಯ್ತು. ಬೆಂಗಳೂರಲ್ಲಿದ್ದ ನನಗೆ ಆಗ ಫೋನಲ್ಲಿ ಹೇಳಿದ್ದು ಇಷ್ಟೇ: "ಅತ್ತೆಗೆ ಜ್ವರ ಇತ್ತು, ಈಗ ಅಡ್ಡಿಲ್ಲ."

ಈಗ ಕಾಯಿಲೆಯ ಕಥೆಗೆ ಬರೋಣ. 1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸಾಲಾಗಿ ಸಾಯೋಕೆ ಶುರುವಾದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿ ಜನಕ್ಕೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ತಂಡ ಬಂತು. ಇವತ್ತಿನ ಎನ್‌ಐವಿ ಅಂತೀವಲ್ಲ, ಅದೇ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅನ್ನೋ ವಿಜ್ಞಾನಿಗಳು ಅದರಲ್ಲಿದ್ರು. ಅವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಹೀಗೇ ಮಂಗಗಳು ಸಾಯ್ತವೆ. ಏಷ್ಯಾದಲ್ಲಿ ಆ ಕಾಯಿಲೆ ಇಲ್ಲವೇ ಇಲ್ಲ. ಅದು ಇಲ್ಲಿಗೂ ಬಂದುಬಿಟ್ರೆ?

ಪರೀಕ್ಷೆ ಮಾಡಿದಾಗ ಹಳದಿ ಜ್ವರ ಅಲ್ಲ ಅಂತಾಯ್ತು. ಸಿಕ್ಕಿದ್ದು ಒಂದು ಹೊಸ ವೈರಸ್. ಅದರ ಹತ್ತಿರದ ಸಂಬಂಧಿಗಳು ಇದ್ದದ್ದು ದೂರದ ರಷ್ಯಾದ ಕಾಡುಗಳಲ್ಲಿ. ಹರಡೋದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ನಮ್ಮ ಜನ ಇಟ್ಟ ಹೆಸರು ಮಂಗನ ಕಾಯಿಲೆ.

ಈ ಹೆಸರಿನಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಮಂಗ ನಮಗೆ ಕಾಯಿಲೆ ಕೊಡೋದಲ್ಲ. ನಮಗಿಂತ ಮುಂಚೆ, ನಮಗಿಂತ ಜಾಸ್ತಿ ಸಾಯೋದು ಅದೇ. ಹೇಗೆ ಅಂತ ನೋಡಿ.

ಹೆಣ್ಣು ಉಣುಗು ದನದ ರಕ್ತ ಕುಡಿದು, ಕೆಳಗೆ ಬಿದ್ದು, ಒಣಗಿದ ಎಲೆಗಳ ನಡುವೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮಳೆಗಾಲ ಕಳೆದ ಮೇಲೆ ಮರಿಗಳು ಹೊರಬರ್ತವೆ. ಅವು ಕಾಡಿಲಿ, ಮೂಗಿಲಿ, ಹಕ್ಕಿ, ಮಂಗ, ಹೀಗೆ ಸಿಕ್ಕಿದ್ದನ್ನ ಹತ್ತಿ ಕಚ್ಚುತ್ತವೆ. ಕಚ್ಚಿಸಿಕೊಂಡ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ರೆ ಮರಿಗೂ ಬರುತ್ತೆ. ಮರಿ ಬೆಳೆದು ಮುಂದಿನ ಹಂತಕ್ಕೆ ಬಂದಾಗ ಎಳ್ಳಿಗಿಂತ ಚಿಕ್ಕದಾಗಿರುತ್ತೆ. ಮನುಷ್ಯರಿಗೆ ಕಚ್ಚೋದು ಹೆಚ್ಚಾಗಿ ಇದೇ. ಇದರ ಓಡಾಟ ಜೋರಾಗಿರೋದು ಡಿಸೆಂಬರಿನಿಂದ ಮೇ ತನಕ. ನಮ್ಮ ಜನ ದರಗು ಗುಡಿಸೋಕೆ, ಸೌದೆಗೆ, ಸೊಪ್ಪಿಗೆ ಬೆಟ್ಟ ಹತ್ತೋದೂ ಅದೇ ತಿಂಗಳುಗಳಲ್ಲಿ.

ಮಂಗಕ್ಕೆ ಸೋಂಕು ತಗುಲಿದರೆ ರಕ್ತದಲ್ಲಿ ವೈರಸ್ ಉಕ್ಕುತ್ತೆ. ಮೈಮೇಲಿದ್ದ ಉಣುಗುಗಳೆಲ್ಲ ಅದನ್ನ ಕುಡೀತವೆ. ಮಂಗ ಸತ್ತ ಮೇಲೆ ಮೈ ತಣ್ಣಗಾಗುತ್ತಲ್ಲ, ಆಗ ಅವು ಕೆಳಗಿಳಿದು ಬೇರೆ ಮೈ ಹುಡುಕುತ್ತವೆ. ಅದಕ್ಕೇ ಸತ್ತ ಮಂಗದ ಸುತ್ತ 50 ಮೀಟರ್ ತನಕ ಮೆಲಾಥಿಯನ್ ಪುಡಿ ಹಾಕೋದು. ನಾನು ಮೊಬೈಲ್ ಹಿಡ್ಕೊಂಡು ನಿಂತಿದ್ದು ಆ 50 ಮೀಟರ್ ಒಳಗೆ.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ. ಜ್ವರ ಬಂದವರ ಪಕ್ಕ ಕೂತು ಗಂಜಿ ಕುಡಿಸಿದ್ರೆ ಏನೂ ಆಗಲ್ಲ. ಇದನ್ನ ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಎರಡು ತಿಂಗಳು ಯಾರೂ ಅವರ ಮನೆಗೆ ಕಾಫಿಗೂ ಬರಲಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು ಮೂರರಿಂದ ಐದು ಜನ ಸಾಯ್ತಾರೆ. ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ. ಬೇಗ ಗೊತ್ತಾಗಿ, ಬೇಗ ಆರೈಕೆ ಸಿಕ್ಕಿದ್ರೆ ಬಹಳಷ್ಟು ಜನ ಉಳೀತಾರೆ.

ಹಾಗಾದ್ರೆ 1957ರಲ್ಲೇ ಯಾಕೆ ಶುರುವಾಯ್ತು? ವೈರಸ್ ಆ ವರ್ಷ ಹುಟ್ಟಿದ್ದಲ್ಲ. ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ ಅದು ಮುಂಚಿನಿಂದಲೂ ಸುಮ್ಮನೆ ಓಡಾಡ್ಕೊಂಡಿದ್ದಿರಬೇಕು ಅನ್ನೋದು ವಿಜ್ಞಾನಿಗಳ ಅಭಿಪ್ರಾಯ. ಇಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವೈದ್ಯ ಹೋರ್ಹೆ ಬೋಶೆಲ್ 1969ರಲ್ಲಿ ಒಂದು ವಾದ ಮುಂದಿಟ್ರು: ಜನ ಹೆಚ್ಚಾದರು, ಕಾಡು ಕಡಿದು ಗದ್ದೆ ಮಾಡಿದರು, ದನಗಳು ಕಾಡಿನ ಅಂಚಿಗೆ ಮೇಯೋಕೆ ಹೋದವು. ದನದ ರಕ್ತ ಕುಡಿದು ಉಣುಗಿನ ಸಂತತಿ ಬೆಳೀತು. ದನ, ಮಂಗ, ಮನುಷ್ಯ ಮೂವರೂ ಒಂದೇ ಅಂಚಿನಲ್ಲಿ ಓಡಾಡೋ ಹಾಗಾಯ್ತು. 1982–83ರ ಹೊತ್ತಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ನೆಡೋಕೆ ಅಂತ ಕಾಡು ಬೋಳಿಸಿದ ಜಾಗದಲ್ಲೂ ಇದೇ ಕಾಯಿಲೆ ಎದ್ದು, ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು, ಸುಮಾರು 150 ಜನ ಸತ್ತರು. 2012ರಲ್ಲಿ ಬಂಡೀಪುರ. ಅಲ್ಲಿ ಸತ್ತ ಮಂಗಗಳನ್ನ ಸಾಗಿಸಿದ ಅರಣ್ಯ ಸಿಬ್ಬಂದಿಗೇ ಬಂತು. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ನಕ್ಷೆ ತೆಗೆದು ನೋಡಿದ್ರೆ ಘಟ್ಟದ ಉದ್ದಕ್ಕೂ ಇದೆ.

ಈಗ ನಮ್ಮ ಮಾವನ ಮನೆಗೆ ವಾಪಸ್ ಬರೋಣ. ನನ್ನ ಸ್ನಾನ ಮುಗಿಯೋ ಹೊತ್ತಿಗೆ ಅಂಗಳದಲ್ಲಿ ನಾಲ್ಕು ಜನ ಸೇರಿದ್ರು. ಒಬ್ಬರು ಹಿರಿಯರು, "ಹನುಮಂತ ದೇವರು. ಹಾಗೇ ಬಿಡೋಕಾಗಲ್ಲ. ಅರಿಶಿನ ಕುಂಕುಮ ಹಚ್ಚಿ, ಹೂವು ಹಾಕಿ ಮಣ್ಣು ಮಾಡೋಣ" ಅಂದ್ರು. ಅವರ ಭಕ್ತಿ ನಿಜವಾದದ್ದು, ನಾನು ಅದನ್ನ ಹಗುರ ಮಾಡಲ್ಲ. ಇನ್ನೊಬ್ಬರು ಮೆಲ್ಲಗೆ ಹೇಳಿದ್ರು: "ಸುಮ್ನೆ ಹೂತುಬಿಡಿ ಮಾರಾಯ್ರೆ. ಫೋನ್ ಮಾಡಿದ್ರೆ ನಾಳೆಯಿಂದ ಒಬ್ಬ ಆಳೂ ಈ ಕಡೆ ಬರಲ್ಲ."

ಮಾವ ಎರಡು ನಿಮಿಷ ಸುಮ್ಮನಿದ್ರು. ಆಮೇಲೆ ಒಳಗೆ ಹೋಗಿ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದ್ರು. ಹಿರಿಯರಿಗೆ ಅತ್ತೆಯೇ ಹೇಳಿದ್ರು: "ಪೂಜೆ ಮನೇಲೇ ದೇವರ ಮುಂದೆ ಮಾಡಣ. ಮುಟ್ಟೋದು ಬೇಡ." ಅವರು ಒಪ್ಪಿದ್ರು.

ಮಧ್ಯಾಹ್ನ ಆರೋಗ್ಯ ಇಲಾಖೆಯವರು, ಪಶುವೈದ್ಯರು ಬಂದ್ರು. ಮಂಗದ ಮಾದರಿ ತಗೊಂಡ್ರು, ಉಳಿದದ್ದನ್ನ ಸುಟ್ಟರು, ಪುಡಿ ಹಾಕಿದ್ರು, ಕೆಲವು ದಿನ ಬೆಟ್ಟಕ್ಕೆ ಹೋಗಬೇಡಿ ಅಂದ್ರು. ಆಮೇಲೆ ಆ ಮನುಷ್ಯ ಹೇಳಿದ ಹಾಗೇ ಆಯ್ತು. ಕೊನೆ ಕೊಯ್ಯೋನು ಬರಲಿಲ್ಲ. ಅಡಿಕೆ ಸುಲಿಯೋಕೆ ಬರ್ತಿದ್ದವರೂ ಬರಲಿಲ್ಲ. ಹತ್ತು ಹನ್ನೆರಡು ದಿನ ಕೊಯ್ಲು ನಿಂತಿತು. ಹಸಿ ಇದ್ದಾಗ ಕೊಯ್ದು ಬೇಯಿಸಿದ್ರೆ ಒಳ್ಳೆ ರೇಟು. ಹಣ್ಣಾಗಿ ಬಿದ್ರೆ ಗೋಟು, ರೇಟು ಇಳೀತು. ಮಾವ ಡೈರಿಯಲ್ಲಿ ಬರೆದಿಟ್ಟ ನಷ್ಟ ಸುಮಾರು ನಲವತ್ತು ಸಾವಿರ ರೂಪಾಯಿ.

ರಿಪೋರ್ಟ್ ಬಂತು. ನೆಗೆಟಿವ್.

ಊರಲ್ಲಿ ನಗೆಚಾಟಿಕೆ. "ಏನು, ನಿಮ್ಮ ಮಂಗಕ್ಕೆ ಕಾಯಿಲೆನೇ ಇಲ್ಲವಂತೆ!" ಅಂತ ಸೊಸೈಟಿ ಹತ್ತಿರ ಕೇಳಿದ್ರಂತೆ. ಮಾವ ನನ್ನ ಹತ್ತಿರ ಹೇಳಿದ್ದು: "ನೆಗೆಟಿವ್ ಬಂದ್ರೆ ಖುಷಿ ಪಡಬೇಕಲ್ವೇನೋ ಅಪ್ಪಿ? ಯಾಕೋ ನಾನೇ ತಪ್ಪು ಮಾಡಿದ ಹಾಗಾಯ್ತು."

ನಾನು ಹೇಳಿದ ಲೆಕ್ಕದ ಪ್ರಶ್ನೆ ಇದೇ. ಒಬ್ಬ ಮನುಷ್ಯ ಫೋನ್ ಮಾಡಿದ್ರಿಂದ ಲಾಭ ಇಡೀ ಊರಿಗೆ. ನಷ್ಟ ಪೂರ್ತಿ ಅವನೊಬ್ಬನ ಖಾತೆಗೆ. ಹೀಗಿದ್ರೆ ಮುಂದಿನ ಸಲ ಎಷ್ಟು ಜನ ಫೋನ್ ಮಾಡ್ತಾರೆ?

ಇದು ಮಲೆನಾಡಿನ ಕಥೆ ಮಾತ್ರ ಅಲ್ಲ. 1998–99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕೋರಿಗೆ ಮಿದುಳು ಜ್ವರ ಬಂತು. ಮೊದಲು ಜಪಾನೀಸ್ ಎನ್ಸೆಫಲೈಟಿಸ್ ಅಂದ್ಕೊಂಡು ಸೊಳ್ಳೆಗೆ ಔಷಧಿ ಹೊಡೆದ್ರು. ಅಷ್ಟರಲ್ಲಿ ಸೋಂಕಿದ ಹಂದಿಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಾಟ ಆಗಿ, ಕಾಯಿಲೆಯೂ ಜೊತೆಗೆ ಹೋಯ್ತು. ಅದೇ ನಿಫಾ. ಮಲೇಷ್ಯಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷದಷ್ಟು ಹಂದಿಗಳನ್ನ ಕೊಲ್ಲಬೇಕಾಯ್ತು. 2018ರಲ್ಲಿ ಅದೇ ನಿಫಾ ಪಕ್ಕದ ಕೋಝಿಕ್ಕೋಡ್‌ಗೂ ಬಂತು. ಪ್ರಾಣಿಯಿಂದ ಬರೋ ಕಾಯಿಲೆಗಳಲ್ಲಿ ಮೊದಲ ಸುಳಿವು ಸಿಗೋದು ದೊಡ್ಡ ಲ್ಯಾಬಿನಲ್ಲಲ್ಲ, ಕೊಟ್ಟಿಗೆಯಲ್ಲಿ, ತೋಟದಲ್ಲಿ. ಆ ಸುಳಿವು ಹೊರಗೆ ಬರುತ್ತೋ ಇಲ್ಲವೋ ಅನ್ನೋದು, ಹೇಳಿದವನಿಗೆ ಆಮೇಲೆ ಏನಾಗುತ್ತೆ ಅನ್ನೋದರ ಮೇಲಿದೆ.

ಹಕ್ಕಿಜ್ವರದ ವಿಷಯದಲ್ಲಿ ಸರ್ಕಾರಕ್ಕೆ ಇದು ಅರ್ಥ ಆಗಿದೆ. ಸೋಂಕು ತಡೆಯೋಕೆ ಕೋಳಿಗಳನ್ನ ಕೊಂದರೆ ಸಾಕಿದವರಿಗೆ ಪರಿಹಾರ ಇದೆ. ಇಲ್ಲದಿದ್ರೆ ಯಾರೂ ಬಾಯಿ ಬಿಡಲ್ಲ. ಸತ್ತ ಮಂಗದ ಸುದ್ದಿ ಕೊಟ್ಟು ಕೊಯ್ಲು ನಿಲ್ಲಿಸಿಕೊಂಡವನಿಗೆ ನಮ್ಮ ಮಾವನ ಊರಲ್ಲಿ ಸಿಕ್ಕಿದ್ದು ತಮಾಷೆ ಮಾತು ಮಾತ್ರ. ಪೂರ್ತಿ ನಷ್ಟ ಕಟ್ಟಿಕೊಡಿ ಅಂತ ನಾನು ಹೇಳ್ತಿಲ್ಲ. ಬರೋ ಆಳುಗಳಿಗೆ ಮೈಗೆ ಹಚ್ಚೋ ಡೆಪಾ ಎಣ್ಣೆ ಅದೇ ದಿನ ಸಿಗಲಿ. ಯಾವ ಜಾಗಕ್ಕೆ ಹೋಗಬಾರದು, ಎಲ್ಲಿ ಕೆಲಸ ಮಾಡಬಹುದು ಅಂತ ಅಧಿಕಾರಿಗಳೇ ನಿಂತು ಹೇಳಲಿ. ಅಷ್ಟಾದ್ರೆ ಅರ್ಧ ನಷ್ಟ ತಪ್ಪುತ್ತೆ.

ಲಸಿಕೆ ಇಲ್ವಾ ಅಂತ ಕೇಳ್ತೀರಿ. ಇತ್ತು. 1990ರಿಂದ ಕೊಡ್ತಿದ್ರು. ಎರಡು ಡೋಸ್, ಆಮೇಲೆ ವರ್ಷ ವರ್ಷ ಬೂಸ್ಟರ್. ಅದರ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದ್ರು. ಐಸಿಎಂಆರ್ ಜೊತೆ ಸೇರಿ ಹೊಸದನ್ನ ತಯಾರಿಸೋ ಕೆಲಸ ನಡೀತಿದೆ. ಅದು ಬರೋ ತನಕ ನಮ್ಮ ಕೈಲಿರೋದು ಇಷ್ಟೇ: ಡಿಸೆಂಬರಿನಿಂದ ಮೇ ತನಕ ಬೆಟ್ಟಕ್ಕೆ ಹೋಗೋ ಮುಂಚೆ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ. ಜ್ವರ ಬಂದ್ರೆ ಡಾಕ್ಟರಿಗೆ "ನಾನು ಕಾಡಿಗೆ ಹೋಗಿದ್ದೆ" ಅಂತ ನೀವಾಗೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಿ. ಟ್ರೆಕ್ಕಿಂಗ್‌ಗೆ ಹೋಗೋ ಬೆಂಗಳೂರಿನ ಗೆಳೆಯರೇ, ಇದು ನಿಮಗೂ ಅನ್ವಯ. ಫೋಟೋ ಬೇಡ.

ಈ ಕಂತು ರೆಕಾರ್ಡ್ ಮಾಡೋ ಮುಂಚೆ ಮಾವನಿಗೆ ಫೋನ್ ಮಾಡಿ ಕೇಳಿದೆ: "ಮಾವ, ಮುಂದಿನ ಸಲ ಮಂಗ ಸತ್ತು ಬಿದ್ರೆ ಮತ್ತೆ ಹೇಳ್ತೀರಾ?"

ತಕ್ಷಣ ಉತ್ತರ ಬರಲಿಲ್ಲ. ಆಮೇಲೆ ಅಂದ್ರು: "ಹೇಳ್ತೀನಿ ಮಾರಾಯ. ನಿನ್ನ ಅತ್ತೆಯನ್ನ ನೋಡಿದ ಮೇಲೆ ಹೇಳದೆ ಇರೋಕಾಗುತ್ತಾ? ಆದ್ರೆ ಪಕ್ಕದ ಮನೆಯವರು ಹೇಳ್ತಾರೆ ಅಂತ ನಾನು ಗ್ಯಾರಂಟಿ ಕೊಡಲ್ಲ."

ನನಗೆ ಚಿಂತೆ ಆ ಪಕ್ಕದ ಮನೆಯದ್ದೇ. ಮಲೆನಾಡಿನ ಕೇಳುಗರು ನಿಮ್ಮ ಊರಲ್ಲಿ ಏನಾಯ್ತು, ಹೇಳಿದವರಿಗೆ ಏನು ಸಿಕ್ಕಿತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸೋಣ. ಅಲ್ಲಿ ತನಕ ಹುಷಾರಾಗಿರಿ, ನಮಸ್ಕಾರ.