1958ರ ಕಂದಾಯ ರಸೀದಿ

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಿಂದ ಮಾತಾಡ್ತಿದ್ದೇನೆ. ಭೂತಾನಿನಿಂದ ಹೊರಹಾಕಿಸಿಕೊಂಡ, ನೇಪಾಳಿ ಮಾತಾಡುವ ಸಾವಿರಾರು ಜನ ಈ ಊರಲ್ಲಿದ್ದಾರೆ. ಅಂಥ ಒಂದು ಮನೆಯ ಅಜ್ಜನಿಗೆ ನಾನು ಇಂಗ್ಲಿಷ್ ಹೇಳಿಕೊಡ್ತಿದ್ದೆ. ಹೇಳಿಕೊಡ್ತಿದ್ದೆ ಅನ್ನೋದು ದೊಡ್ಡ ಮಾತು; ವಾರಕ್ಕೊಂದು ಸಂಜೆ ಹೋಗಿ ಚಹಾ ಕುಡಿಯೋದು, ನಡುವೆ ಒಂದಷ್ಟು ಎ ಬಿ ಸಿ ಡಿ.

ಮನೆಯವರು ಅವರನ್ನು ಹಜುರ್‌ಬಾ ಅಂತಿದ್ರು, ನೇಪಾಳಿಯಲ್ಲಿ ಅಜ್ಜ. ನಾನೂ ಹಾಗೇ ಕರೆದೆ. ನಮ್ಮಿಬ್ಬರ ನಡುವೆ ಇದ್ದದ್ದು ಹಿಂದಿ. ಅವರದ್ದು ಸಿನಿಮಾ ನೋಡಿ ಕಲಿತದ್ದು, ನನ್ನದು ಅದಕ್ಕಿಂತ ಕಡೆ. ಮೊದಲ ದಿನ, ನಿಮ್ಮ ಕಡೆ ಏನು ಬೆಳೀತೀರಿ ಅಂತ ಕೇಳಿದರು. ನಾನು ಸಕಲೇಶಪುರದವಳು. ಕಾಫಿ, ಏಲಕ್ಕಿ ಅಂದೆ. ಮುಖ ಅರಳಿತು. ಭೂತಾನಿನ ಚಿರಾಂಗ್‌ನಲ್ಲಿ ಅವರದ್ದೂ ಏಲಕ್ಕಿ, ಕಿತ್ತಳೆ ತೋಟ. ಅವರದ್ದು ಕಪ್ಪು ಏಲಕ್ಕಿ, ದಪ್ಪ ಕಾಯಿ, ಹೊಗೆಯಲ್ಲಿ ಒಣಗಿಸೋದು. ಅವತ್ತು ಪಾಠ ನಡೆಯಲೇ ಇಲ್ಲ.

ಎರಡನೇ ವಾರ ಒಂದು ಪ್ಲಾಸ್ಟಿಕ್ ಚೀಲ ತಂದು ತೋರಿಸಿದರು. ಒಳಗೆ ಹಳದಿಗಟ್ಟಿದ ಒಂದು ಕಂದಾಯ ರಸೀದಿ, 1958ರದ್ದು. ಏನಾಯ್ತಂದ್ರೆ, ಭೂತಾನ್ 1985ರಲ್ಲಿ ಹೊಸ ಪೌರತ್ವ ಕಾಯ್ದೆ ತಂದು, 1988ರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಜನಗಣತಿ ಶುರು ಮಾಡಿತು. 1958ರಲ್ಲಿ ದೇಶದಲ್ಲಿದ್ದದ್ದಕ್ಕೆ ದಾಖಲೆ ಕೊಡಿ ಅಂತ ಕೇಳಿತು. 1957ರ ರಸೀದಿ ಇದ್ದವರನ್ನೂ ಒಪ್ಪಲಿಲ್ಲ. ಹಜುರ್‌ಬಾ ಹತ್ತಿರ ಸರಿಯಾದ ವರ್ಷದ್ದೇ ಇತ್ತು. ಆದರೂ, ‘ಸ್ವಂತ ಇಷ್ಟದಿಂದ ದೇಶ ಬಿಡ್ತಿದ್ದೇವೆ’ ಅನ್ನೋ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಭಾರತ ಅವರನ್ನು ಉಳಿಸಿಕೊಳ್ಳಲಿಲ್ಲ. ನಮ್ಮ ನೆಲದ ಮೇಲೇ ಲಾರಿ ಹತ್ತಿಸಿ ನೇಪಾಳದ ಗಡಿಗೆ ಬಿಟ್ಟರು. ಈ ಭಾಗ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಆಮೇಲೆ ಬೆಲ್‌ಡಾಂಗಿ ಶಿಬಿರದಲ್ಲಿ ಬಿದಿರಿನ ಗುಡಿಸಲು, ಹದಿನೆಂಟು ವರ್ಷ. 2007ರ ಕೊನೆಯಲ್ಲಿ ಬೇರೆ ದೇಶಗಳಿಗೆ ಕಳಿಸೋ ಕೆಲಸ ಶುರುವಾಗಿ, ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಬಂದದ್ದು ಅಮೆರಿಕಕ್ಕೆ. ಈ ಕುಟುಂಬ ಬಂದದ್ದು 2010ರಲ್ಲಿ. ವಿಮಾನದ ಟಿಕೆಟ್ ಪುಕ್ಕಟೆ ಅಲ್ಲ, ಸಾಲ. ಬಡ್ಡಿ ಇಲ್ಲ, ಆದರೆ ತೀರಿಸಲೇಬೇಕು. ಮಗ, ಸೊಸೆ ಇಬ್ಬರೂ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ತಿಂಗಳು ತಿಂಗಳು ಕಟ್ಟಿದರು.

ನನ್ನ ಪಾಠಕ್ಕೆ ಅವಸರ ಯಾಕೆ ಅಂದ್ರೆ, ವಯಸ್ಸಾದ ಬಡವರಿಗೆ ಇಲ್ಲಿ ಎಸ್‌ಎಸ್‌ಐ ಅಂತ ಮಾಸಾಶನ ಬರುತ್ತೆ. ನಿರಾಶ್ರಿತರಿಗೆ ಅದು ಏಳು ವರ್ಷ ಮಾತ್ರ. ಅಷ್ಟರೊಳಗೆ ಪೌರತ್ವ ಸಿಗದಿದ್ದರೆ ನಿಂತುಹೋಗುತ್ತೆ. ಪೌರತ್ವ ಬೇಕಾದರೆ ಮೊದಲು ಐದು ವರ್ಷ ಇಲ್ಲಿ ಇದ್ದಿರಬೇಕು, ಆಮೇಲೆ ಇಂಗ್ಲಿಷ್‌ನಲ್ಲೇ ಪರೀಕ್ಷೆ. ಸಿಗೋದು ಎರಡು ವರ್ಷದ ಸಂದು. ಹಜುರ್‌ಬಾ ಯಾವ ಭಾಷೆಯಲ್ಲೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮಾಸಾಶನದಲ್ಲೇ ಮನೆ ಬಾಡಿಗೆಯ ಅರ್ಧ ಹೋಗ್ತಿತ್ತು.

ನೂರು ಪ್ರಶ್ನೆ ಓದಿಕೊಂಡಿರಬೇಕು, ಹತ್ತು ಕೇಳ್ತಾರೆ, ಆರಕ್ಕೆ ಸರಿ ಉತ್ತರ ಬೇಕು. ಆಗಿನ ನಿಯಮ ಅದು. ಪ್ರಶ್ನೆ ಉತ್ತರಗಳನ್ನು ಅವರು ಮಂತ್ರದ ಹಾಗೆ ಬಾಯಿಪಾಠ ಮಾಡಿದರು. ಕಷ್ಟವಾದದ್ದು ಬರವಣಿಗೆ. ಪೆನ್ನನ್ನು ಕುಡುಗೋಲಿನ ಹಾಗೆ ಮುಷ್ಟಿಯಲ್ಲಿ ಹಿಡೀತಿದ್ರು, ಕಾಗದ ಹರಿದುಹೋಗ್ತಿತ್ತು. ಮೊದಲ ಸಂದರ್ಶನದಲ್ಲಿ ಬರೆಯೋದರಲ್ಲಿ ಫೇಲ್. ಎರಡನೇ ಅವಕಾಶಕ್ಕೆ ಮುಂಚೆ ಮೊಮ್ಮಗಳು ದಿನಾ ಸಂಜೆ ಅಡುಗೆಮನೆ ಮೇಜಿನ ಮೇಲೆ ಹಿಟ್ಟು ಹರಡಿ ಬೆರಳಲ್ಲಿ ಬರೆಸಿದಳು. ನನಗೆ ಹೊಳೆಯದ ಉಪಾಯ ಅದು. ಪಾಸಾದರು.

ಪ್ರಮಾಣಪತ್ರ ಕೂಡ ಅದೇ ಪ್ಲಾಸ್ಟಿಕ್ ಚೀಲ ಸೇರಿತು.

2025ರ ಮಾರ್ಚ್‌ನಲ್ಲಿ, ಇನ್ನೂ ಪೌರತ್ವ ಸಿಗದ, ಕೇಸುಗಳಿದ್ದ ಕೆಲವು ಭೂತಾನಿಗಳನ್ನು ಅಮೆರಿಕ ಭೂತಾನಿಗೆ ಗಡೀಪಾರು ಮಾಡಿತು. ಭೂತಾನ್ ಅವರನ್ನು ಭಾರತದ ಗಡಿಗೆ ತಂದು ಬಿಟ್ಟಿತು. ಕೆಲವರು ತಿರುಗಿ ನೇಪಾಳ ಸೇರಿ, ಅದೇ ಬೆಲ್‌ಡಾಂಗಿಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದರು. ಆ ವಾರ ಮೊಮ್ಮಗಳು ಫೋನ್ ಮಾಡಿದಳು. “ಆಂಟಿ, ಹಜುರ್‌ಬಾ ಚೀಲ ಹಿಡ್ಕೊಂಡು ಕೂತಿದ್ದಾರೆ, ಸ್ವಲ್ಪ ಬನ್ನಿ” ಅಂದಳು.

ಹೋದೆ. ನಿಮಗೆ ಏನೂ ಆಗಲ್ಲ, ನೀವು ಇಲ್ಲಿನ ಪ್ರಜೆ ಅಂದೆ. ತಲೆ ಆಡಿಸಿದರು. ಎರಡೂ ಕಾಗದ ಮೇಜಿನ ಮೇಲಿಟ್ಟು, ಇವರು ಯಾವ ವರ್ಷದ್ದು ಕೇಳ್ತಾರೆ ಅಂದರು. ನಾನು ಪ್ರಮಾಣಪತ್ರದ ಮೇಲಿದ್ದ ತಾರೀಕು ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.